ಮಹಡಿ ತಾತನ ಮಾತಿನ ಪಾರ್ಟು

ಸಿಂಚನಾ, ಪ್ರೀತಮ್, ಮಹಡಿ ತಾತ ಇದ್ದಾಗ ನೀವಿನ್ನೂ ಚಿಕ್ಕವರು, ಅವರ ಬಲಗೈ ಹೆಬ್ಬೆರಳಿನ ಉಗುರನ್ನು ಸರಿಯಾಗಿ ನೋಡಿರಲಿಕ್ಕಿಲ್ಲ. ಆಮೆಯ ಚಿಪ್ಪಿನಂತೆ ದಪ್ಪ, ಹಳದಿ ಬಣ್ಣ, ನಡುವೆ ಉದ್ದಕ್ಕೆ ಒಂದು ಸೀಳು. ಆ ಉಗುರನ್ನು ಕಡ್ಲೆಕಾಯಿಯ ಮೂತಿಗೆ ಒತ್ತಿದರೆ ಅದು ಟಪ್ ಎಂದು ಬಾಯಿ ಬಿಡುತ್ತಿತ್ತು. ಒಂದು ಕಾಲದಲ್ಲಿ ಆ ಸದ್ದಿಗೆ ಟೆಂಟ್ ಸಿನಿಮಾದಲ್ಲಿ ಕೂತ ದೊಡ್ಡ ಗಂಡಸರೂ ಉಸಿರು ಬಿಗಿ ಹಿಡಿಯುತ್ತಿದ್ದರು.

ಹೋದ ಭಾನುವಾರ ಪ್ರೀತಮ್ ತನ್ನ ಮೊಬೈಲಿನಲ್ಲಿ ಅವರ ಹಳೆಯ ತುಣುಕೊಂದನ್ನು ತೋರಿಸಿ, “ಅಜ್ಜಿ, ಇದು ನಮ್ಮ ಮಹಡಿ ತಾತಾನಾ? ಅವರು ಮೂಗರಾ?” ಎಂದು ಕೇಳಿದ. “ಮೂಗರಲ್ಲ ಕಣೋ” ಎಂದಷ್ಟೇ ಹೇಳಿ ಒಳಗೆ ಹೋದೆ. ನಾಲ್ಕು ಜನರ ಮುಂದೆ ಕೂತು ಒಂದು ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವುದು ನನಗೆ ಬರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಅವರನ್ನು ಮೊದಲು ನೋಡಿದ್ದು ಮಾಗಡಿ ಕಡೆಯ ನಮ್ಮೂರ ಹತ್ತಿರದ ಟೆಂಟಿನಲ್ಲಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಮನೆಯಲ್ಲಿದ್ದೆ. ಹೆಂಗಸರ ಕಡೆ ಮರಳಿನ ಮೇಲೆ ಅಮ್ಮನ ಪಕ್ಕ ಕೂತಿದ್ದೆ. ತೆರೆಯ ಮೇಲೆ ಖಳನಾಯಕನ ಕಡೆಯವರೆಲ್ಲ ಮಚ್ಚು ಹಿಡಿದು ಅರಚುತ್ತಿದ್ದರು. ಅವರ ಹಿಂದೆ ಕಂಬಕ್ಕೆ ಒರಗಿ ಒಬ್ಬ ಮಾತ್ರ ಕಡ್ಲೆಕಾಯಿ ಸುಲಿಯುತ್ತ ನಿಂತಿದ್ದ. ಅವನು ಮೂಗ. ಯಜಮಾನ “ಮುಗಿಸು” ಎಂದರೆ ಅಂಗೈಯನ್ನು ಉಫ್ ಎಂದು ಊದಿ ಸಿಪ್ಪೆ ಹಾರಿಸಿ, ಬೀಜಗಳನ್ನು ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು ನುಂಗಿ, ಆಮೇಲೆ ಹೊರಡುತ್ತಿದ್ದ. ಅವಸರವೇ ಇಲ್ಲ. ಕೊನೆಯಲ್ಲಿ ಅವನು ಸತ್ತಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮ ತೊಡೆ ಚಿವುಟಿ, “ಕೊಲೆಗಡುಕನಿಗೆ ಅಳ್ತಾವ್ಳೆ ನೋಡು! ಹೀರೋ ತಾಯಿ ಸತ್ತಾಗ ಕಣ್ಣಲ್ಲಿ ಒಂದು ಹನಿ ಇರ್ಲಿಲ್ಲ” ಎಂದಳು. ಸುತ್ತಲಿನ ಹೆಂಗಸರೆಲ್ಲ ನಕ್ಕರು.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನಿಮ್ಮ ತಾತ ನನ್ನನ್ನು ಥಿಯೇಟರಿಗೆ ಕರೆದುಕೊಂಡು ಹೋಗುತ್ತಿದ್ದರು. “ಇದ್ರಲ್ಲಿ ನಿನ್ನ ಮೂಗ ಇದಾನಂತೆ ಕಣೇ, ನಡಿ” ಎನ್ನುತ್ತಿದ್ದರು. ಆ ಕಡ್ಲೆಕಾಯಿ ಮೂಗ ಆದ ಮೇಲೆ ಮಹಡಿ ತಾತನಿಗೆ ಬಂದ ಪಾರ್ಟುಗಳೆಲ್ಲ ಮಾತಿಲ್ಲದವೇ. ಒಂದರಲ್ಲಿ ಹೊಲದ ಬೆದರುಬೊಂಬೆಯ ವೇಷ ಹಾಕಿದ ಗೂಢಚಾರ. ನಾಯಕ ನಾಯಕಿ ಸುತ್ತ ಕುಣಿದು ಹಾಡು ಮುಗಿಸುವ ತನಕ ಎರಡು ಕೈ ಚಾಚಿ ನಿಂತೇ ಇದ್ದರು, ಎಡಗಣ್ಣಿನ ಗುಡ್ಡೆ ಮಾತ್ರ ತಿರುಗುತ್ತಿತ್ತು. ಇನ್ನೊಂದರಲ್ಲಿ ಕರಡಿ. ಮುಖವೇ ಕಾಣದಿದ್ದರೂ ಆ ಭುಜ ನೋಡಿ ನಾನು ಗುರುತು ಹಿಡಿದೆ. ಮತ್ತೊಂದರಲ್ಲಿ ಮೂಗ ಕ್ಷೌರಿಕ, ಊರ ಗೌಡನ ಗಂಟಲ ಮೇಲೆ ಕತ್ತಿ ಇಟ್ಟು ಕೈ ನಿಲ್ಲಿಸುತ್ತಾನೆ. ಬೇರೆಯವರು ಆಗಿದ್ದರೆ ಕಣ್ಣು ಕೆಂಪಗೆ ಮಾಡಿ ಹಲ್ಲು ಕಡಿಯುತ್ತಿದ್ದರು. ಇವರು ಗಡ್ಡದ ಒಂದು ಕೂದಲು ಉಳಿದಿದೆಯೋ ಏನೋ ಎಂಬಂತೆ ಸುಮ್ಮನೆ ನೋಡುತ್ತಾರೆ. ಅವರು ಏನನ್ನೂ ಮಾಡುತ್ತಿರಲಿಲ್ಲ, ಇನ್ನೇನು ಮಾಡಿಯೇ ಬಿಡುತ್ತಾರೆ ಅನ್ನಿಸುತ್ತಿತ್ತು. ನೋಡುವವರಿಗೆ ಅದೇ ಭಯ. ಎಷ್ಟೋ ಸಿನಿಮಾಗಳು ಓಡಲಿಲ್ಲ. ಕಥೆ ಮರೆತುಹೋದರೂ ಅವರು ನಿಂತ ರೀತಿ ಈಗಲೂ ನೆನಪಿದೆ.

ಅಂಥವರು ನಮ್ಮ ಮಾರೇನಹಳ್ಳಿ ಮನೆಯ ಮಹಡಿಗೆ ಬಾಡಿಗೆಗೆ ಬಂದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆಗ ಅವರಿಗೆ ಸಿನಿಮಾ ಕೆಲಸವೂ ನಿಂತಿತ್ತು. ಸಾಮಾನು ಇಳಿಸುವ ದಿನ ನಿಮ್ಮ ತಾತ ಅಡುಗೆಮನೆಗೆ ಬಂದು, “ಹೋಗೇ, ನಿನ್ನ ಹೀರೋ ಬಂದಿದಾನೆ, ಕಾಫಿ ಕೊಟ್ಟು ಮುಖ ನೋಡ್ಕೊಂಡ್ ಬಾ” ಎಂದರು. ನಾನು ಹೋಗಲಿಲ್ಲ. ಕಿಟಕಿಯಿಂದ ನೋಡಿದೆ. ಬೆದರುಬೊಂಬೆಯ ಕೈಗಳು ಒಂದು ಪ್ಲಾಸ್ಟಿಕ್ ಬಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದವು. ಅವರು ನನ್ನನ್ನು ತಾಯಿ ಎನ್ನುತ್ತಿದ್ದರು, ನಾನು ಅಣ್ಣಯ್ಯ ಎನ್ನುತ್ತಿದ್ದೆ. ನಿಮ್ಮ ತಾತ ಹೋದ ಮೇಲೂ ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತಂದು ಕಿಟಕಿಯ ಮೇಲೆ ಇಟ್ಟು, ಒಂದು ಸಲ ಕೆಮ್ಮಿ ಮೇಲೆ ಹೋಗುತ್ತಿದ್ದರು. ನಾನು ಎದ್ದಿದ್ದೇನೆ ಎಂದು ತಿಳಿಸಲು ಪಾತ್ರೆ ಸದ್ದು ಮಾಡಬೇಕಿತ್ತು. ಮಾಡದಿದ್ದರೆ ಮತ್ತೆ ಇಳಿದು ಬಂದು ಕೆಮ್ಮುತ್ತಿದ್ದರು. ವರ್ಷಗಟ್ಟಲೆ ನಮ್ಮ ಸಂಭಾಷಣೆ ಹೆಚ್ಚುಕಡಿಮೆ ಇಷ್ಟೇ.

ಆಮೇಲೆ ಈ ಮೊಬೈಲ್ ಹುಡುಗರು ಅವರನ್ನು ಎಲ್ಲಿಂದಲೋ ಅಗೆದು ತೆಗೆದರು. ಕಡ್ಲೆಕಾಯಿ ಸುಲಿಯುವ ತುಣುಕಿಗೆ ಹೊಸ ಮ್ಯೂಸಿಕ್ ಹಾಕಿ ಹಂಚಿದರು. ಹಳೆಯ ಸಿನಿಮಾ ಮತ್ತೆ ಹಾಕಿದ ಕಡೆ ಹೂವಿನ ಬದಲು ಕಡ್ಲೆಸಿಪ್ಪೆ ಎರಚಿದರಂತೆ. ಒಂದು ದಿನ ಊಟದ ಡಬ್ಬಿ ತಂದ ಡೆಲಿವರಿ ಹುಡುಗ, ಉತ್ತರ ಕರ್ನಾಟಕದ ಕಡೆಯವನು, ಇವರನ್ನು ಗೇಟಿನಲ್ಲಿ ನೋಡಿ ಹೆಲ್ಮೆಟ್ ತೆಗೆದು ಕೈಮುಗಿದ. “ಯಜಮಾನ್ರ, ನಿಮ್ಮ ದೊಡ್ಡ ಅಭಿಮಾನಿ ರೀ ನಾ. ಒಂದ್ ಶೇಂಗಾ ಸುಲದು ತೋರಿಸ್ರಿ, ನಮ್ಮ ರೂಮಿನಾಗ ಯಾರೂ ನಂಬಂಗಿಲ್ಲ” ಎಂದ. ಮನೆಯಲ್ಲಿ ಕಡ್ಲೆಕಾಯಿ ಇರಲಿಲ್ಲ. ಇವರು ಬರಿಗೈಯಲ್ಲೇ ಸುಲಿದು, ಊದಿ, ಅಗಿದು, ಅವನನ್ನು ಒಂದು ನೋಟ ನೋಡಿದರು. ಆ ಹುಡುಗ ನಗುತ್ತಲೇ ಎರಡು ಹೆಜ್ಜೆ ಹಿಂದೆ ಹೋದ.

ಅದಾದ ಸ್ವಲ್ಪ ದಿನಕ್ಕೆ ಹೊಸಹಳ್ಳಿಯ ಹುಡುಗನೊಬ್ಬ ಬಂದ. ಮೊದಲ ಸಿನಿಮಾ ಮಾಡಲು ಹೊರಟ ನಿರ್ದೇಶಕ. ನಿಮ್ಮ ಮಾವನಿಗಿಂತ ಚಿಕ್ಕವನು. ಮೆಟ್ಟಿಲ ಮೇಲೆ ಅವರ ಮಾತು ನನಗೆ ಕೇಳುತ್ತಿತ್ತು.

“ಸಂಭಾಷಣೆ ಇದೆಯೇನಪ್ಪ?” ಎಂದರು ಮಹಡಿ ತಾತ. ಯಾರೇ ಪಾರ್ಟು ತಂದರೂ ಅವರ ಮೊದಲ ಪ್ರಶ್ನೆ ಅದೇ. ಇಲ್ಲ ಎಂದರೆ ಒಪ್ಪುತ್ತಿದ್ದರು. ಪೇಪರಿನವರು ಅದನ್ನು ದೊಡ್ಡ ವ್ರತ ಎಂಬಂತೆ ಬರೆಯುತ್ತಿದ್ದರು.

“ಇದೆ ಸಾರ್. ನಿಮಗೋಸ್ಕರಾನೇ ಬರ್ದಿರೋದು. ಕೆರೆ ನೀರುಗಂಟಿ ಪಾರ್ಟು, ಗದ್ದೆಗಳಿಗೆ ನೀರು ಬಿಡೋನು. ಕೆರೆ ಮುಚ್ಚಿ ಲೇಔಟ್ ಮಾಡಿರ್ತಾರೆ. ಅಲ್ಲಿ ಕಟ್ಟಿರೋ ಮನೆ ಒಳಗೆ ನಿಂತ್ಕೊಂಡು ನೀವು ಆ ಕೆರೆ ಕಥೆ ಹೇಳ್ತೀರ. ಒಂದೇ ಶಾಟ್. ಕಟ್ ಇಲ್ಲ.”

ಬೇಡ ಅನ್ನುತ್ತಾರೆ ಎಂದುಕೊಂಡೆ. “ಮಾಡ್ತೀನಿ” ಎಂದರು.

ಮರುದಿನದಿಂದ ಮೇಲಿನ ಕೋಣೆಯಲ್ಲಿ ಹೆಜ್ಜೆ ಸಪ್ಪಳ ಶುರುವಾಯಿತು. ನಡೆಯುತ್ತ ಮಾತು ಉರು ಹೊಡೆಯುತ್ತಿದ್ದರು. ಕೆಳಗೆ ನಾನು ಅವರೆಕಾಳು ಸುಲಿಯುತ್ತ ಕೇಳುತ್ತಿದ್ದೆ. “ಈ ನಿಮ್ಮ ಹಾಲ್ ಇದೆಯಲ್ಲ ಸ್ವಾಮಿ, ಇಲ್ಲಿ ಆಳೆತ್ತರ ನೀರಿತ್ತು. ಸೋಫಾ ಹಾಕಿದೀರಲ್ಲ, ಅಲ್ಲಿ ತಾವರೆ...” ಅಷ್ಟಕ್ಕೆ ಮಾತು ನಿಲ್ಲುತ್ತಿತ್ತು. ಹೆಜ್ಜೆಯೂ ನಿಲ್ಲುತ್ತಿತ್ತು. ನನ್ನ ಕೈಯೂ ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ. ದಿನ ಕಳೆದಂತೆ ಇನ್ನೂ ಬೇಗ ನಿಲ್ಲತೊಡಗಿತು. ಬೆಳಿಗ್ಗೆ ಹಾಲು ಇಡುವಾಗ ಮುಖ ನೋಡಿದರೆ ಕಣ್ಣು ಗುಳಿಬಿದ್ದಿತ್ತು.

ಶೂಟಿಂಗ್ ಕೆಂಗೇರಿಯ ಒಂದು ಮನೆಯಲ್ಲಿ. ಮೊದಲ ದಿನ ಸಂಜೆ ಮೆಟ್ರೋದಲ್ಲಿ ಒಬ್ಬರೇ ಬಂದರು. ಮುಖಕ್ಕೆ ಹಚ್ಚಿದ ಬಣ್ಣವನ್ನೂ ತೊಳೆದಿರಲಿಲ್ಲ. ಮಹಡಿ ಹತ್ತಲಾರದೆ ನಮ್ಮ ಜಗಲಿಯ ಮೇಲೆ ಕೂತರು. ನೀರು ಕೊಟ್ಟೆ. ಕುಡಿಯಲಿಲ್ಲ.

“ಆಗ್ಲಿಲ್ಲ ತಾಯಿ” ಎಂದರು. ಆಮೇಲೆ ಅವರು ಯಾರಿಗೂ ಹೇಳದ್ದನ್ನು ಹೇಳಿದರು. ಅವರ ಮೊಟ್ಟಮೊದಲ ಸಿನಿಮಾದಲ್ಲಿ ಆ ಕಡ್ಲೆಕಾಯಿಯವನು ಮೊದಲು ಬರೆದಾಗ ಮೂಗನೇ ಅಲ್ಲ, ಅವನಿಗೆ ಪುಟಗಟ್ಟಲೆ ಮಾತಿತ್ತು. ಆಗೆಲ್ಲ ಡಬ್ಬಿಂಗ್ ಕಾಲ, ಧ್ವನಿಯನ್ನು ಆಮೇಲೆ ಸೇರಿಸುತ್ತಿದ್ದರು. ಶಾಟ್ ನಡೆಯುವಾಗಲೇ ಕ್ಯಾಮೆರಾ ಪಕ್ಕ ನಿಂತು ಒಬ್ಬರು ಮಾತನ್ನು ಕೂಗಿ ಹೇಳಿಕೊಡುತ್ತಿದ್ದರು. ನಟರು ಅದನ್ನು ಕೇಳಿ ಒಪ್ಪಿಸುತ್ತಿದ್ದರು. ಇವರಿಗೆ ಕೂಗಿ ಹೇಳಿದರೂ ತಲೆ ಖಾಲಿಯಾಗುತ್ತಿತ್ತು. ರೀಲು ಸುಟ್ಟು ಸುಟ್ಟು ನಿರ್ದೇಶಕರು ರೇಗಿ, “ಇವನ ಬಾಯಿ ಹೊಲೀರಯ್ಯ! ಮೂಗ ಅಂತ ಮಾಡಿ, ಕೈಗೆ ಏನಾದ್ರೂ ತಿನ್ನೋಕೆ ಕೊಡಿ” ಎಂದರಂತೆ. ಸೆಟ್ಟಿನಲ್ಲಿ ಯಾರೋ ತಿನ್ನುತ್ತಿದ್ದ ಕಡ್ಲೆಕಾಯಿ ಕೈಗೆ ಬಂತು.

“ಜನ ಚಪ್ಪಾಳೆ ಹೊಡೆದ್ರು. ನಾನು ಬಚಾವಾದೆ ಅಂತ ನಕ್ಕೆ. ಈಗ ನೋಡಿ, ಇಡೀ ನಾಡಲ್ಲಿ ನನ್ನ ಮುಖ ಗೊತ್ತು, ಧ್ವನಿ ಹೆಂಗಿದೆ ಅಂತ ಒಬ್ರಿಗೂ ಗೊತ್ತಿಲ್ಲ. ಸಾಯೋದ್ರೊಳಗೆ ಒಂದ್ಸಲ ಸಿನಿಮಾದಲ್ಲಿ ನನ್ನ ಧ್ವನಿ ನಾನು ಕೇಳ್ಬೇಕು ಅಂತ ಆಸೆ ಬಿದ್ದೆ. ಅದಕ್ಕೇ ಒಪ್ಕೊಂಡೆ.”

ಈಗಿನ ಈ ಸಿನಿಮಾದಲ್ಲಿ ಡಬ್ಬಿಂಗ್ ಇಲ್ಲ, ಆಡಿದ ಮಾತನ್ನು ಅಲ್ಲೇ ಹಿಡಿಯುತ್ತಾರೆ, ಪಕ್ಕದಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಕಿವಿಯೊಳಗೆ ಸಣ್ಣ ಮಿಷನ್ ಇಟ್ಟು ಹೇಳಿಕೊಟ್ಟರಂತೆ. ತಲೆಯೊಳಗೆ ಇಬ್ಬರು ಮಾತಾಡಿದ ಹಾಗಾಗಿ ಇನ್ನೂ ಕೆಟ್ಟಿತಂತೆ. ನಾಳೆ ಮಧ್ಯಾಹ್ನದ ಊಟದೊಳಗೆ ಆಗದಿದ್ದರೆ ಬೇರೆಯವರು ಮಾಡುತ್ತಾರೆ. ನಿರ್ಮಾಪಕರು ಇನ್ನೊಬ್ಬ ನಟರಿಗೆ ಆಗಲೇ ಹೇಳಿಟ್ಟಿದ್ದಾರೆ.

ಮೊರ ಎಳೆದುಕೊಂಡು ಅವರೆಕಾಳು ಮುಂದಿಟ್ಟುಕೊಂಡೆ. “ಹೇಳಿ ಅಣ್ಣಯ್ಯ, ಕೇಳ್ತೀನಿ” ಎಂದೆ. ಅವರು ಬೇಸರದಿಂದಲೇ ಶುರು ಮಾಡಿದರು. ಹಾಲ್ ಇದ್ದ ಕಡೆ ಆಳೆತ್ತರ ನೀರಿತ್ತು ಎಂದರು. “ಹ್ಞೂಂ” ಎಂದೆ. ಸೋಫಾ ಇದ್ದ ಕಡೆ ತಾವರೆ ಇತ್ತು ಎಂದರು. “ಹ್ಞೂಂ” ಎಂದೆ. ನೀರು ಬಿಡುವ ತೂಬಿನ ಕಲ್ಲು, ಕೆಳಗಿನ ಗದ್ದೆಗಳು, ಯಾವ ಗದ್ದೆಗೆ ಯಾವ ಹೊತ್ತು ನೀರು, ಕೆರೆ ಒಡೆದ ವರ್ಷ ಹೆಣ್ಣುಮಗಳೊಬ್ಬಳು ಏರಿಯ ಮೇಲೆ ಅಳುತ್ತ ಕೂತದ್ದು, ಎಲ್ಲ ಬಂತು. ಕೊನೆಯ ಮಾತು ಆಡಿ ಮುಗಿಸಿದಾಗ ಅವರೇ ಬೆಚ್ಚಿ ನನ್ನ ಮುಖ ನೋಡಿದರು.

ನಮ್ಮ ಕಡೆ ಕಥೆ ಕೇಳುವವರು ಹೂಂಗುಟ್ಟಲೇಬೇಕು. ನನ್ನಜ್ಜಿ ನಾವು ಸುಮ್ಮನಾದರೆ ಕಥೆ ನಿಲ್ಲಿಸಿ ಮಗ್ಗುಲಾಗಿಬಿಡುತ್ತಿದ್ದಳು. ನನಗೆ ಅದು ಉಸಿರಾಟದ ಹಾಗೆ, ಗೊತ್ತಿಲ್ಲದೆ ಬರುತ್ತದೆ. ಅವರೂ ಅಂಥದೇ ಊರಿನವರು. ಯಾರೂ ಹೂಂಗುಟ್ಟದ ಕಡೆ ಮಾತು ಮುಂದಕ್ಕೆ ಹೋಗದೆ ಅಷ್ಟು ವರ್ಷ ಒದ್ದಾಡಿದ್ದರು. ಮತ್ತೆ ಹೇಳಿಸಿದೆ, ಸರಾಗವಾಗಿ ಬಂತು. ಹೂಂಗುಟ್ಟದೆ ಬರೀ ತಲೆಯಾಡಿಸಿದೆ, ಆಗಲೂ ಬಂತು.

“ನಾಳೆ ನೀವು ಬರ್ಬೇಕು ತಾಯಿ. ಬಾಯಿ ಬಿಡೋದು ಬೇಡ. ನನಗೆ ಕಾಣೋ ಹಾಗೆ ಕೂತು ತಲೆ ಆಡಿಸಿ ಸಾಕು.”

“ಆ ನಿರ್ದೇಶಕರಿಗೆ ಹೇಳ್ಬಿಡಿ ಅಣ್ಣಯ್ಯ.”

“ಕಥೆ ಕೇಳೋಕೆ ಮನೆಯಿಂದ ಆಳು ಕರ್ಕೊಂಡ್ ಬಂದಿದೀನಿ ಅಂತ ಆ ಮಕ್ಕಳ ಹತ್ರ ಹೆಂಗೆ ಹೇಳ್ಲಿ?”

ಮರುದಿನ ಶೂಟಿಂಗ್ ನೋಡಲು ಬಂದವಳ ಹಾಗೆ ಅವರ ಜೊತೆ ಹೋದೆ. ಕೆಂಗೇರಿಯ ಆ ಮನೆಯಲ್ಲಿ ಕಾಲಿಟ್ಟ ಕಡೆಯೆಲ್ಲ ವೈರು, ಜನ. ಬಾಗಿಲ ಬಳಿ ಒಬ್ಬರು ನಿಂತಿದ್ದರು. ಮಹಡಿ ತಾತನದೇ ಥರದ ಮಾಸಲು ಪಂಚೆ, ಅದೇ ಟವೆಲ್, ಅದೇ ಬಿಳಿ ಗಡ್ಡ. ಅವರೇ ಆ ಇನ್ನೊಬ್ಬ ನಟರು. ಬಣ್ಣ ಹಚ್ಚಿಸಿಕೊಂಡು ಸಿದ್ಧವಾಗಿದ್ದರು. ಕೆಟ್ಟವರಲ್ಲ, ಮಹಡಿ ತಾತನನ್ನು ನೋಡಿ ತಲೆ ತಗ್ಗಿಸಿ “ಅಣ್ಣ, ತಪ್ಪು ತಿಳ್ಕೋಬೇಡಿ” ಎಂದರು. ಇವರು ಅವರ ಭುಜ ತಟ್ಟಿ ಒಳಗೆ ಹೋದರು.

ಫ್ಯಾನು ನಿಲ್ಲಿಸಿದರು. ಫ್ರಿಜ್ಜು ನಿಲ್ಲಿಸಿದರು. ಪಕ್ಕದ ಮನೆಯ ಮೋಟರ್ ನಿಲ್ಲಿಸಲು ಒಬ್ಬನನ್ನು ಓಡಿಸಿದರು. ನಾನು ಕ್ಯಾಮೆರಾದ ಹಿಂದೆ ಗೋಡೆಗೆ ಒತ್ತಿ ಸ್ಟೂಲಿನ ಮೇಲೆ ಕೂತೆ. ಮನೆ ಮಾಲೀಕನ ಪಾರ್ಟಿನವನು ಸೋಫಾದಲ್ಲಿ ಕೂತು ಮೊಬೈಲು ನೋಡುತ್ತಿದ್ದ. ಮೊದಲ ಎರಡು ಟೇಕು ಹೊರಗಿನ ಸದ್ದಿಗೆ ಕೆಟ್ಟವು. ಊಟದ ವ್ಯಾನು ಬಂದು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ನಿರ್ಮಾಪಕರ ತಮ್ಮ ನಿರ್ದೇಶಕನ ಕಿವಿಯಲ್ಲಿ, “ಇದೇ ಲಾಸ್ಟ್ ಗುರು, ಆಮೇಲೆ ಅವರನ್ನ ಕರೀತೀನಿ” ಎಂದದ್ದು ನನಗೂ ಕೇಳಿಸಿತು. ಮಹಡಿ ತಾತನಿಗೂ ಕೇಳಿಸಿತು.

ಶಾಟ್ ಶುರುವಾಯಿತು. ಆಳೆತ್ತರ ನೀರು, ತಲೆಯಾಡಿಸಿದೆ. ತಾವರೆ, ತಲೆಯಾಡಿಸಿದೆ. ಅವರು ಮಾಲೀಕನನ್ನು ನೋಡುವಂತೆ ನೋಡುತ್ತ ಕಣ್ಣಂಚಿನಲ್ಲಿ ನನ್ನನ್ನು ಹಿಡಿದಿದ್ದರು. ಹಳಿಯ ಮೇಲೆ ಕ್ಯಾಮೆರಾ ಮೆಲ್ಲಗೆ ತಿರುಗಿತು. ಅದನ್ನು ತಳ್ಳುತ್ತಿದ್ದ ದೊಡ್ಡ ಆಳು ನನಗೂ ಅವರಿಗೂ ಅಡ್ಡ ಬಂದ. ಅವನ ಬೆನ್ನು ಬಿಟ್ಟು ನನಗೆ ಏನೂ ಕಾಣಲಿಲ್ಲ.

“ಆ ತೂಬಿನ ಕಲ್ಲು ಎತ್ತಿದ್ರೆ ಸ್ವಾಮಿ...” ಎಂದ ಧ್ವನಿ ನಿಂತಿತು.

ಯಾರೂ ಕದಲಲಿಲ್ಲ. ಬಾಗಿಲಲ್ಲಿದ್ದ ಇನ್ನೊಬ್ಬ ನೀರುಗಂಟಿ ಟವೆಲನ್ನು ಹೆಗಲಿಗೆ ಸರಿಪಡಿಸಿಕೊಂಡರು. ನಿರ್ದೇಶಕನ ಕೈ ನಿಧಾನಕ್ಕೆ ಮೇಲೇಳುತ್ತಿತ್ತು. ಕೈ ಬಿದ್ದರೆ ಮುಗಿಯಿತು. ನಾನು ಯೋಚಿಸಿ ಮಾಡಿದ್ದಲ್ಲ ಮಕ್ಕಳೇ.

“ಹ್ಞೂಂ” ಎಂದೆ.

ಆ ನಿಶ್ಶಬ್ದದಲ್ಲಿ ಅದು ತಟ್ಟೆ ಬಿದ್ದಂತೆ ಕೇಳಿಸಿತು. ಎಲ್ಲರ ಮುಖ ನನ್ನ ಕಡೆ ತಿರುಗಿತು. ಆದರೆ ಆ ಕಡೆಯಿಂದ, “...ಎತ್ತಿದ್ರೆ ನೀರು ಓಡ್ತಿರ್ಲಿಲ್ಲ, ನಡೀತಿತ್ತು” ಎಂದು ಮಾತು ಮುಂದುವರಿಯಿತು. ಕೊನೆಯವರೆಗೂ ಹೋಯಿತು. ನಡುವೆ ನಾನು ಇನ್ನೂ ಹೂಂಗುಟ್ಟಿದೆನಂತೆ. ನನಗೆ ಗೊತ್ತಿಲ್ಲ.

ಕಟ್ ಎಂದ ಮೇಲೆ ಸೌಂಡ್ ಹುಡುಗ ಹೆಡ್‌ಫೋನ್ ತೆಗೆದು, “ಸಾರ್, ಆಂಟಿ ವಾಯ್ಸ್ ಬಂದ್ಬಿಟ್ಟಿದೆ. ಟೇಕ್ ಹೋಯ್ತು” ಎಂದ. ನಿರ್ಮಾಪಕರ ತಮ್ಮ, “ಯಾರ್ರೀ ಇವ್ರನ್ನ ಒಳಗೆ ಬಿಟ್ಟಿದ್ದು?” ಎಂದು ಕಿರುಚಿದ. ನನಗೆ ನೆಲ ಬಿರಿಯಬಾರದೆ ಅನ್ನಿಸಿತು. ಸೆರಗು ಬಾಯಿಗೆ ಒತ್ತಿಕೊಂಡು ಎದ್ದೆ.

ನಿರ್ದೇಶಕ ಬಂದು ನನ್ನ ಮುಂದೆ ಮಂಡಿಯೂರಿ ಕೂತ. “ಆಂಟಿ, ಯಾಕೆ ಹ್ಞೂಂ ಅಂದ್ರಿ?”

“ಅವರು ನಿಲ್ಲಿಸಿಬಿಟ್ರು. ಯಾರೋ ಕೇಳ್ತಾ ಇದಾರೆ ಅಂತ ಅವರಿಗೆ ಗೊತ್ತಾಗ್ಬೇಕಲ್ಲಪ್ಪ.”

ಅವನು ಹೆಡ್‌ಫೋನ್ ಹಾಕಿಕೊಂಡು ಆ ಟೇಕನ್ನು ಪೂರ್ತಿ ಕೇಳಿದ. ನಾವೆಲ್ಲ ಅವನ ಮುಖವನ್ನೇ ನೋಡುತ್ತಿದ್ದೆವು. ಆಮೇಲೆ, “ಸೋಫಾದಲ್ಲಿ ಕೂತಿರೋ ಓನರ್ ಕೇಳ್ತಿಲ್ಲ. ಅಡುಗೆಮನೆ ಒಳಗಿಂದ ಯಾರೋ ಹೆಂಗಸು ಕೇಳ್ತಿರೋ ಹಾಗಿದೆ. ಇದು ನಾನು ಬರ್ದಿದ್ದಕ್ಕಿಂತ ಚೆನ್ನಾಗಿದೆ. ಒಳಗೆ ಮೈಕ್ ಇಡಿ, ಇನ್ನೊಂದ್ ಟೇಕ್. ಆಂಟಿ ಅಡುಗೆಮನೇಲಿ” ಎಂದ.

“ನನ್ನ ಕೈಲಾಗಲ್ಲ” ಎಂದೆ. ನಿಜವಾಗಲೂ ಆಗುತ್ತಿರಲಿಲ್ಲ. ಬೇಕೆಂದು ಹೂಂಗುಟ್ಟು ಎಂದರೆ ಹೇಗೆ ಹೂಂಗುಟ್ಟುವುದು? ಎಲ್ಲರೂ ಒತ್ತಾಯ ಮಾಡತೊಡಗಿದರು. ಮಹಡಿ ತಾತ ಮಾತ್ರ ಮಾಡಲಿಲ್ಲ. “ಬಿಡಿ, ಅವರಿಗೆ ಹಿಂಸೆ ಕೊಡಬೇಡಿ” ಎಂದು ಅವರನ್ನು ತಡೆದು ನನ್ನ ಕಡೆ ತಿರುಗಿದರು. “ಆಗದಿದ್ರೆ ಬೇಡ ತಾಯಿ. ನಡೀರಿ, ಮನೆಗೆ ಹೋಗೋಣ” ಎಂದು ಟವೆಲು ಕೊಡವಿ ಹೊರಟೇಬಿಟ್ಟರು. ಬೇಸರವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಜೀವಮಾನದ ಆಸೆಯನ್ನು ಅಷ್ಟು ಹಗುರಾಗಿ ಕೆಳಗಿಟ್ಟು ಬಾಗಿಲ ಕಡೆ ನಡೆದರು. ನನಗೆ ತಡೆಯಲಾಗಲಿಲ್ಲ.

“ಅಡುಗೆಮನೆ ಯಾವ ಕಡೆ?” ಎಂದು ಕೇಳಿದೆ.

ಯಾರದೋ ಮನೆಯ ಅಡುಗೆಮನೆ. ಒಲೆಯ ಮೇಲೆ ಖಾಲಿ ಕುಕ್ಕರ್ ಇತ್ತು. ಬಾಗಿಲು ಅರ್ಧ ಮುಚ್ಚಿದರು. ಈ ಸಲ ಅವರು ನನಗೆ ಕಾಣುತ್ತಿರಲಿಲ್ಲ, ನಾನು ಅವರಿಗೆ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಕುಕ್ಕರಿನ ಹಿಡಿ ಹಿಡಿದು ನಿಂತೆ. ಧ್ವನಿ ಬಂತು, ಮೊದಲಿಗಿಂತ ಮೆತ್ತಗೆ, ಹೊರಗಿನವರಿಗೆ ಹೇಳುವ ಧ್ವನಿಯಲ್ಲ, ಮನೆಯೊಳಗಿನವರಿಗೆ ಹೇಳುವ ಧ್ವನಿ. ನಾನು ಮೈಕು ಮರೆತೆ. ಆ ಹೆಣ್ಣುಮಗಳು ಏರಿಯ ಮೇಲೆ ಅಳುತ್ತ ಕೂತದ್ದನ್ನು ಹೇಳುವಾಗ ಹ್ಞೂಂ ಎನ್ನಲು ಹೋದೆ, ಪೂರ್ತಿ ಹೊರಡದೆ ಗಂಟಲಲ್ಲೇ ಉಳಿಯಿತು. ಅವರು ಅಷ್ಟಕ್ಕೂ ಕಾದು, ಆಮೇಲೆ ಮುಂದಕ್ಕೆ ಹೋದರು.

ಕಟ್ ಎಂದ ಮೇಲೆ ಬಾಗಿಲಲ್ಲಿದ್ದ ಇನ್ನೊಬ್ಬ ನಟರೇ ಮೊದಲು ಚಪ್ಪಾಳೆ ತಟ್ಟಿದ್ದು. ಸೌಂಡ್ ಹುಡುಗ ಮಹಡಿ ತಾತನ ಕಿವಿಗೆ ಆ ದಪ್ಪ ಹೆಡ್‌ಫೋನ್ ಇಟ್ಟ. ಅವರು ಕಣ್ಣು ಮುಚ್ಚಿ ಕೇಳಿದರು. ಕೊನೆಗೆ, “ಇದು ನಮ್ಮಪ್ಪನ ಧ್ವನಿ ಅಲ್ವಾ? ನನ್ನ ಹತ್ರ ಯಾವಾಗ ಬಂತು?” ಎಂದರು. ಆಮೇಲೆ ನನ್ನ ಕಡೆ ನೋಡಿ, “ನಿಮ್ಮದೂ ಚೆನ್ನಾಗಿ ಬಂದಿದೆ ತಾಯಿ” ಎಂದರು.

ಸಿನಿಮಾ ತೆರೆಗೆ ಬರುವ ಮೊದಲೇ ಅವರು ಹೋದರು. ಒಂದು ಬೆಳಿಗ್ಗೆ ಕಿಟಕಿಯ ಮೇಲೆ ಹಾಲು ಇರಲಿಲ್ಲ. ನಾನೇ ಮೇಲೆ ಹೋಗಿ ನೋಡಿದೆ. ನಿದ್ದೆಯಲ್ಲೇ ಹೋಗಿದ್ದರು. ಅಂದು ನಮ್ಮ ಬೀದಿಗೆ ಬಂದ ಹುಡುಗರನ್ನು ನೋಡಬೇಕಿತ್ತು, ಬೈಕು ನಿಲ್ಲಿಸಲು ಜಾಗವಿರಲಿಲ್ಲ. ಮೂಗನ ಪಾರ್ಟಿನವರು ಹೋದರು ಎಂದು ಅಳುತ್ತಿದ್ದರು. ಅವರು ಕೆರೆಯ ಕಥೆ ಹೇಳಿದ್ದನ್ನು ಕೇಳಿದ್ದವಳು ಆ ಬೀದಿಯಲ್ಲಿ ನಾನೊಬ್ಬಳೇ.

ಸಿನಿಮಾ ಬಂದಾಗ ನಿಮ್ಮಮ್ಮ ರಾಜರಾಜೇಶ್ವರಿನಗರದಿಂದ ಬಂದು ನನ್ನನ್ನು ಜೊತೆಗೆ ಕರೆದೊಯ್ದಳು. ಅವರ ಮುಖ ಕಂಡಕೂಡಲೇ ಹುಡುಗರು ಶಿಳ್ಳೆ ಹಾಕಿ ಎದ್ದು ನಿಂತರು. ಆ ಶಾಟು ಬಂತು. ಅವರು ಬಾಯಿ ತೆರೆದರು. ನಿಂತ ಹುಡುಗರು ಒಬ್ಬೊಬ್ಬರಾಗಿ ಕೂತರು. ಆಮೇಲೆ ಒಳಗಿನಿಂದ ಒಂದು ಹ್ಞೂಂ ಬಂತು. ಮುಂದಿನ ಸಾಲಿನ ಹುಡುಗಿ ಪಕ್ಕದವಳಿಗೆ ಬಗ್ಗಿ, “ಒಳಗಿರೋದು ಯಾರೇ?” ಎಂದಳು. “ಗೊತ್ತಿಲ್ಲ ಕಣೇ, ಸುಮ್ನಿರು” ಎಂದಳು ಅವಳು. ನಿಮ್ಮಮ್ಮ ನನ್ನ ಪಕ್ಕದಲ್ಲೇ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ತಾಯಿಯ ಧ್ವನಿ ಅವಳಿಗೂ ಗುರುತು ಸಿಗಲಿಲ್ಲ. ನಾನೂ ಹೇಳಲಿಲ್ಲ. ಕೊನೆಗೆ ಬಂದ ಹೆಸರುಗಳಲ್ಲಿ ನನ್ನದು ಇಲ್ಲ. ಬೇಡ ಎಂದು ನಿರ್ದೇಶಕನಿಗೆ ನಾನೇ ಹೇಳಿದ್ದೆ. ಹೆಸರು ಬಂದರೆ ಜನ ಬಂದು ಮಾತಾಡಿಸುತ್ತಾರೆ, ನನ್ನಿಂದಾಗದು.

ನನಗೆ ಜೀವನದಲ್ಲಿ ಹೇಳುವುದು ಬರಲಿಲ್ಲ ಎಂಬ ನಾಚಿಕೆ ಮೊದಲಿನಿಂದ ಇತ್ತು. ಕೇಳುವುದೂ ಒಬ್ಬರಿಗೆ ಅಷ್ಟು ಬೇಕಾಗಬಹುದು ಎಂದು ತೋರಿಸಿಕೊಟ್ಟವರು ಅವರು. ಅವರು ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಸಿನಿಮಾ ಇದೆ. ಒಳಗೆ ನಿಂತವಳು ನಿಮ್ಮಜ್ಜಿ ಎಂಬುದಕ್ಕೆ ಈ ಹಾಳೆಗಳು ಬಿಟ್ಟರೆ ಬೇರೆ ಏನೂ ಇಲ್ಲ. ನಾನಿರುವ ತನಕ ಯಾರಿಗೂ ಓದಿ ಹೇಳಬೇಡಿ. ನನ್ನ ಸೀರೆಗಳ ಕೆಳಗೆ ಇಟ್ಟಿರುತ್ತೇನೆ. ಸಿಂಚನಾ, ಸೀರೆಗಳನ್ನು ಯಾರಿಗೆ ಬೇಕಾದರೂ ಕೊಡು. ಈ ಹಾಳೆಗಳನ್ನು ಮಾತ್ರ ನೆನೆಯದ ಹಾಗೆ, ಹರಿಯದ ಹಾಗೆ ಇಬ್ಬರೂ ಜೋಪಾನ ಮಾಡಿ.